ಕೆಲಸ ಉಳಿಸುವ ಮಾಮನೂ ನನ್ನ ಮನೆಯ ನಕ್ಷೆಯೂ

ಕೆಲಸ ಉಳಿಸಲಿಕ್ಕಾಗಿ ನಮ್ಮ ಮಾಮನಷ್ಟು ಕೆಲಸ ಮಾಡುವ ಮನುಷ್ಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕು ಜಾಲಾಡಿದರೂ ನಿಮಗೆ ಸಿಗುವುದಿಲ್ಲ. ಒಂದು ನಿಮಿಷ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಸಾಕು, ಅದಕ್ಕಾಗಿ ಇಡೀ ದಿನ ಸುರಿಯುತ್ತಾರೆ. ಆ ದಿನ ಅವರದೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಆದರೆ ಅದು ನನ್ನ ದಿನ! ಅವರ ಆಫೀಸಿನ ಎರಡನೆಯ ಕಂಪ್ಯೂಟರಿನ ಮುಂದೆ ಕೂತಿರುವವಳು ನಾನು.

ಮಾಮ ಎಂದರೆ ನನ್ನ ತಾಯಿಯ ತಮ್ಮ. ಮಸ್ಕಿಯ ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಮನೆ ಕಟ್ಟಿಸುವವರಿಗೆ ಕಂಪ್ಯೂಟರಿನಲ್ಲಿ, ಕ್ಯಾಡ್ ಎನ್ನುವ ತಂತ್ರಾಂಶದಲ್ಲಿ, ನಕ್ಷೆ ಬರೆದು ಕೊಡುವುದು ನಮ್ಮ ಕಸುಬು. ಕೆಳಗಿನಿಂದ ಗೊಬ್ಬರದ ವಾಸನೆ, ಮೇಲಿನಿಂದ ತಗಡಿನ ಕಾವು, ನಡುವೆ ನಾವಿಬ್ಬರು. ನಾನಿರುವುದು ಲಿಂಗಸುಗೂರಿನಲ್ಲಿ, ಬಾಡಿಗೆ ಮನೆಯಲ್ಲಿ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಅತ್ತೆಗೆ ಗುಳಿಗೆ ಕೊಟ್ಟು, ಹಟ್ಟಿಯ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗಂಡನಿಗೆ ಹಾಸಿಗೆ ಹಾಸಿ, ಮಸ್ಕಿಯ ಮೇಲೆ ಹೋಗುವ ಸಿಂಧನೂರಿನ ಬಸ್ಸು ಹಿಡಿಯಲು ಓಡುತ್ತೇನೆ. ಆಫೀಸಿನ ಮೆಟ್ಟಿಲು ಹತ್ತುವ ಹೊತ್ತಿಗೇ ನನಗೆ ಸಂಜೆಯಾಗಿರುತ್ತದೆ! ಆಗ ಮಾಮ ಕಣ್ಣರಳಿಸಿ ಹೇಳುತ್ತಾರೆ: "ಬಾರವ್ವಾ, ಇವತ್ತು ಒಂದು ಹೊಸಾ ಶಾರ್ಟ್‌ಕಟ್ ಹುಡುಕೀನಿ." ಆ ಮಾತು ಕೇಳಿದರೆ ನನಗೆ ವಾಪಸ್ ಬಸ್ಸು ಹತ್ತಬೇಕು ಅನಿಸುತ್ತದೆ.

ಈ ಪುರಾಣಕ್ಕೆ ಕೈ ಹಾಕುವ ಮೊದಲು ನನ್ನ ಹೊಟ್ಟೆಯ ಉರಿಯನ್ನು ಹೇಳಿಕೊಂಡು ಬಿಡುತ್ತೇನೆ. ಲಿಂಗಸುಗೂರಿನ ಹೊರಗೆ ನಮ್ಮದೊಂದು ಸಣ್ಣ ಸೈಟು ಇದೆ. ಯುಗಾದಿ ಮುಗಿದ ಕೂಡಲೇ ಬುನಾದಿ ತೆಗೆಯಬೇಕೆಂದಿತ್ತು. ಮನೆ ಕಟ್ಟಲು ಗೌಂಡಿಯನ್ನು ಗೊತ್ತುಮಾಡಿದ್ದೆವು, ಕಲ್ಲು ಬಂದು ಬಿದ್ದಿತ್ತು, ಬೋರು ಕೂಡ ಹೊಡೆಸಿದ್ದೆವು. ಇಲ್ಲದ್ದು ನಕ್ಷೆ ಒಂದೇ! ನಕ್ಷೆ ಬರೆದು ಹೊಟ್ಟೆ ಹೊರೆಯುವವಳ ಮನೆಗೇ ನಕ್ಷೆ ಇಲ್ಲ ಎಂದರೆ ಯಾರಿಗೆ ಹೇಳಲಿ? ದಸರೆಯಲ್ಲಿ ಬನ್ನಿ ಕೊಟ್ಟು ಕಾಲಿಗೆ ಬಿದ್ದಾಗ ಮಾಮ ಹೇಳಿದ್ದರು: "ನೀ ಕೈ ಹಚ್ಚಬ್ಯಾಡ. ನಿನ್ನ ಮನಿ ನಾ ಬರೀತೀನಿ." ಅಂದಿನಿಂದ ಊರೂರಿನವರು ಬಂದು ನಕ್ಷೆ ಒಯ್ದರು. ಕೆಲವರಂತೂ ಮನೆ ಕಟ್ಟಿ ಹಾಲುಕ್ಕಿಸಿ ನಮ್ಮನ್ನು ಊಟಕ್ಕೂ ಕರೆದರು. ನನ್ನದು ಕೇಳಿದರೆ, "ಆಕ್ಕತಿ ತಡಿಯವ್ವಾ." ಇದೇ ಉತ್ತರ.

ಬೆಳಿಗ್ಗೆ ಬಂದ ರೈತನಿಗೆ ಮಧ್ಯಾಹ್ನದೊಳಗೆ ಮನೆ ಬರೆದು ಕೊಡುವ ಮನುಷ್ಯ ಇವರು. ಅಷ್ಟು ವೇಗ ಎಲ್ಲಿಂದ ಬಂತು ಅನ್ನುವಿರಾ? ಹರೆಯದಲ್ಲಿ ಮಾಮ ಒಂದು ಕಾಲುವೆಯ ಕಚೇರಿಯಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಮಸಿಯಿಂದ ನಕ್ಷೆ ಎಳೆಯುತ್ತಿದ್ದರು. ಕಾಲುವೆ ಉದ್ದಕ್ಕೂ ತೂಬುಗಳು, ಎಲ್ಲ ತೂಬೂ ಒಂದೇ ತರಹ, ಆದರೂ ಪ್ರತಿಯೊಂದನ್ನೂ ಹೊಸದಾಗಿ ಎಳೆಯಬೇಕು. ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆಯಬೇಕು. ಹೀಗೆ ವರ್ಷಗಟ್ಟಲೆ ಒಂದೇ ತೂಬನ್ನು ಎಳೆದೆಳೆದು ಬೆನ್ನು ಬಾಗಿದ ಮೇಲೆ ಒಂದು ದಿನ ಯಾರೋ ಅವರಿಗೆ ಕಂಪ್ಯೂಟರಿನಲ್ಲಿ ಕಾಪಿ ಮಾಡುವುದನ್ನು ತೋರಿಸಿದರು. "ಕಣ್ಣಾಗ ನೀರ ಬಂತವ್ವಾ" ಎಂದು ಈಗಲೂ ಹೇಳುತ್ತಾರೆ. ಅಂದೇ ಒಂದು ಧರ್ಮ ಹುಟ್ಟಿತು: ಒಮ್ಮೆ ಬರೆದದ್ದನ್ನು ಇನ್ನೊಮ್ಮೆ ಬರೆಯುವುದು ಪಾಪ. ಮಸ್ಕಿಯ ಗುಡ್ಡದ ಮೇಲಿರುವ ಹಳೆಯ ಶಾಸನ ನೋಡಲು ಪರವೂರಿನವರು ಬಂದರೆ ಮಾಮ ನಿಟ್ಟುಸಿರು ಬಿಡುತ್ತಾರೆ. "ಪಾಪ, ಕಲ್ಲಾಗ ಕೆತ್ಯಾರ. ತಪ್ಪಿದ್ರ ಅನ್‌ಡೂ ಸೈತ ಇಲ್ಲ!"

ಈ ಧರ್ಮದ ಮೊದಲನೆಯ ಆಚಾರ ಏನೆಂದರೆ, ಎಡಗೈ ಕೀಬೋರ್ಡಿನ ಮೇಲೆ, ಬಲಗೈ ಮೌಸಿನ ಮೇಲೆ. ಎರಡೂ ಅಲ್ಲಿಂದ ಏಳುವಂತಿಲ್ಲ. ಎಲ್ ಒತ್ತಿದರೆ ಗೆರೆ, ಸಿ ಓ ಒತ್ತಿದರೆ ಕಾಪಿ, ಟಿ ಆರ್ ಒತ್ತಿದರೆ ಹೆಚ್ಚಿನ ಗೆರೆಗೆ ಕತ್ತರಿ. "ಕೈ ಎತ್ತಿದಿ ಅಂದ್ರ ಟೈಮ್ ಹೋತು" ಎನ್ನುವುದು ಅವರ ಮಂತ್ರ. ಒಂದು ದಿನ ತಲೆಸಿಡಿತದಲ್ಲಿ ನಾನು ಕೇಳಿಯೇಬಿಟ್ಟೆ.

"ಹಂಗಾರ ಚಾ ಯಾವ ಕೈಲೆ ಕುಡೀಲಿ ಮಾಮಾ?"

ಅದು ಬೇಸರದಲ್ಲಿ ಬಂದ ಮಾತು. ಬೇರೆ ಯಾರಾದರೂ ನಕ್ಕು ಬಿಡುತ್ತಿದ್ದರು. ಮಾಮ ಮಾತ್ರ ಗಲ್ಲದ ಮೇಲೆ ಕೈಯಿಟ್ಟು ಯೋಚನೆಗೆ ಕೂತರು! ಮರುದಿನ ಬಂದು ನೋಡಿದರೆ ನನ್ನ ಪರದೆಯ ಪಕ್ಕಕ್ಕೆ ಒಂದು ತಂತಿಯ ಬಳೆ ಕಟ್ಟಿದ್ದಾರೆ, ಬಳೆಯಲ್ಲಿ ಚಹಾದ ಗ್ಲಾಸು ಕೂಡಿಸಿದ್ದಾರೆ, ಗ್ಲಾಸಿನಲ್ಲಿ ತಂಪು ಪಾನೀಯದ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕೊಳವೆ. ಬಾಯಿ ಮುಂದೆ ಮಾಡಿದರೆ ಸಾಕು, ಚಹಾ ತಾನೇ ಬರಬೇಕು. ಬಂದದ್ದೇನು? ಕುದಿಯುವ ಚಹಾಕ್ಕೆ ಕೊಳವೆ ಶಾವಿಗೆಯಂತೆ ಮೆತ್ತಗಾಗಿ ಬಾಗಿತು, ಅದನ್ನು ಹಿಡಿಯಲು ಹೋಗಿ ಗ್ಲಾಸು ಅಡ್ಡ ಬಿತ್ತು, ಚಹಾ ಪೂರ್ತಿ ಕೀಬೋರ್ಡಿಗೆ ನೈವೇದ್ಯವಾಯಿತು. ಅಂದಿನಿಂದ ಎಲ್ ಕೀಲಿ ಅಂಟಂಟು. ಒಮ್ಮೆ ಒತ್ತಿದರೆ ಎದ್ದೇಳದೆ ಸಾಲುಗಟ್ಟಿ ಎಲ್ ಹಾಕುತ್ತಲೇ ಇರುತ್ತದೆ. ನಾನು ದೂರಿದರೆ ಮಾಮನಿಗೆ ಹಿಗ್ಗು.

"ನೋಡಿದ್ಯಾ, ಒಮ್ಮೆ ಒತ್ತಿದ್ರ ತಾನ ಹತ್ತ ಸಲ ಒತ್ತಾಕತ್ತೈತಿ. ಜಲ್ದಿ ಆತಲ್ಲ!"

ಒರೆಸುವ ಬಟ್ಟೆ ತಂದು ಕೀಲಿಯನ್ನು ಮತ್ತೊಮ್ಮೆ ಒರೆಸಿದೆ.

ಎರಡನೆಯ ಆಚಾರ ಬ್ಲಾಕುಗಳದು. ಬ್ಲಾಕ್ ಎಂದರೆ ಯಾರೋ ಮೊದಲೇ ಬರೆದಿಟ್ಟ ಚಿತ್ರ. ಮಂಚ, ಸೋಫಾ, ಗಿಡ, ಕಾರು ಯಾವುದು ಬೇಕಾದರೂ ತಂದು ನಕ್ಷೆಯೊಳಗೆ ಊರಿಬಿಡಬಹುದು. ಮಾಮ ಎಲ್ಲಿಂದಲೋ ಇಂಥ ಚಿತ್ರಗಳ ದೊಡ್ಡ ಕಣಜವನ್ನೇ ಸಂಪಾದಿಸಿದ್ದಾರೆ. ಎಲ್ಲವೂ ವಿದೇಶದವು. ಹೀಗಿರುವಾಗ, ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನಿಂದ ಬಂಗಾಳಿ ರೈತರೊಬ್ಬರು ಬಂದರು. ನಾವು ಅವರನ್ನು ದಾದಾ ಎನ್ನುತ್ತೇವೆ.

"ಮನಿ ಹಿಂದ ಒಂದು ಸಣ್ಣ ಹೊಂಡ ತೋರಸ್ರಿ ಸಾಹೇಬ್ರ. ಮೀನ ಬಿಡೂದೈತಿ" ಎಂದರು.

ಕಣಜದಲ್ಲಿ ಹೊಂಡ ಇರಲಿಲ್ಲ. ಹೊಂಡ ಎಂದರೆ ಏನು ಮಹಾ? ಒಂದು ವಕ್ರ ಗೆರೆ. ಕೈಯಲ್ಲಿ ಎಳೆದಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ಹೊಸದಾಗಿ ಎಳೆಯುವುದು ಪಾಪವಲ್ಲವೇ! ಮಾಮ ಹುಡುಕಿ ಹುಡುಕಿ, ಮಲಗಿ ಸ್ನಾನ ಮಾಡುವ ವಿದೇಶಿ ಬಾತ್ ಟಬ್ಬಿನ ಚಿತ್ರವನ್ನು ತಂದರು. ಅದನ್ನು ಉಬ್ಬಿಸಿ ಉಬ್ಬಿಸಿ ಮನೆಯಷ್ಟು ದೊಡ್ಡದು ಮಾಡಿ ಹಿತ್ತಲಲ್ಲಿ ಕೂಡಿಸಿದರು. ಆಕಾರ ನಿಜಕ್ಕೂ ಹೊಂಡದಂತೆಯೇ ಇತ್ತು. ಟಬ್ಬಿನ ಜೊತೆ ಅದರ ನಳವೂ ಉಬ್ಬಿದ್ದನ್ನು ಮಾತ್ರ ಯಾರೂ ನೋಡಲಿಲ್ಲ. ಮಂಜೂರು ಮಾಡುವ ಸಾಹೇಬರು ದಾದಾನನ್ನೂ ನಮ್ಮನ್ನೂ ಕರೆಸಿ, ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು: "ಹೊಂಡಕ್ಕ ನಳಾ ಯಾಕೈತ್ರಿ? ಅದೂ ತಲಬಾಗಿಲಕಿಂತ ದೊಡ್ಡದು!" ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮಾಮ ಅಲುಗಲಿಲ್ಲ.

"ಬ್ಯಾಸಗ್ಯಾಗ ಕಾಲವಿ ಬಂದ್ ಆಕ್ಕತಲ್ರಿ. ಆವಾಗ ನಳಾ ಬಿಡೂದು."

ಮೂರನೆಯದು ಗೊರೇಬಾಳದ ಅಣ್ಣತಮ್ಮಂದಿರ ಕಥೆ. ಅಕ್ಕಪಕ್ಕದ ಎರಡು ಸೈಟು, ಎರಡು ಮನೆ. ಅಣ್ಣನ ಮನೆ ಬರೆದು ಮುಗಿದಿತ್ತು. ಮಾಮ ನನ್ನನ್ನು ಕರೆದು, "ತಮ್ಮನ ಮನಿ ಬರಿಯೂದ ನೋಡು. ಕಣ್ಣು ಮಿಟಕಬ್ಯಾಡ!" ಎಂದರು. ಎಂ ಐ ಒತ್ತಿದರು. ಅದು ಮಿರರ್, ಅಂದರೆ ಕನ್ನಡಿಯ ಕಮಾಂಡು. ಅಣ್ಣನ ಮನೆ ಕನ್ನಡಿಯಲ್ಲಿ ಕಂಡಂತೆ ಮಗುಚಿ ಬಿದ್ದು ತಮ್ಮನ ಮನೆಯಾಯಿತು. ಮಾಮ ತಮಗೆ ತಾವೇ ಚಪ್ಪಾಳೆ ಹೊಡೆದುಕೊಂಡರು. ವಾರ ಕಳೆಯುವುದರೊಳಗೆ ತಮ್ಮನ ಹೆಂಡತಿ ಗಂಡನ ಬೈಕಿನ ಹಿಂದೆ ಕೂತು, ನಕ್ಷೆಯ ಸುರುಳಿಯನ್ನು ದೊಣ್ಣೆಯಂತೆ ಹಿಡಿದುಕೊಂಡು ಬಂದಿಳಿದಳು.

"ನಮ್ಮ ನೆಗೆಣ್ಣಿ ಅಡಿಗಿ ಮನಿ ಆಗ್ನೇಯಕ್ಕ ಐತಿ. ನಂದ್ಯಾಕ ನೈರುತ್ಯಕ್ಕ ಹೋತ್ರಿ?"

"ಅದು ಮಿರರ್ ಹೊಡದೀವವ್ವಾ" ಎಂದರು ಮಾಮ.

"ಹಂಗಾರ ಅಕಿ ಬಲಗಾಲಿಟ್ಟು ಒಳಗ ಹೋದ್ರ ನಾ ಎಡಗಾಲಿಟ್ಟು ಹೋಗಬೇಕೇನ್ರಿ? ಸಣ್ಣ ಸೊಸಿ ಅಂತ ಕನ್ನಡ್ಯಾಗಿನ ಬಾಳೇ ಮಾಡಬೇಕೇನು?"

ಗಂಡ ಗೋಡೆ ನೋಡುತ್ತ ನಿಂತ. ಮಾಮ ಮೌಸನ್ನು ನನ್ನ ಕಡೆ ಸರಿಸಿದರು. ಒಂದೇ ಕಮಾಂಡಿನಲ್ಲಿ ಆದ ಮನೆಯನ್ನು ಬಿಚ್ಚಿ ಮತ್ತೆ ಕಟ್ಟಲು ನನಗೆ ಎರಡು ದಿನ ಹಿಡಿಯಿತು. ಉಳಿದ ಸಮಯ ಎಲ್ಲಿ ಹೋಯಿತು ಎಂದು ಮಾತ್ರ ಕೇಳಬೇಡಿ.

ಇನ್ನು ಲೇಯರುಗಳ ಕಥೆ. ಇದರಲ್ಲಿ ನನ್ನ ಸಂಸಾರವೇ ಸಿಕ್ಕಿಬಿತ್ತು. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಗೋಡೆಗೊಂದು, ಬಾಗಿಲಿಗೊಂದು, ನೀರಿನ ಪೈಪಿಗೊಂದು ಲೇಯರ್ ಇರುತ್ತದೆ. ಬೇಡವಾದಾಗ ಒಂದನ್ನು ಆಫ್ ಮಾಡಬಹುದು, ಕೈ ತಾಗದಂತೆ ಲಾಕ್ ಮಾಡಬಹುದು. ಜಗತ್ತೆಲ್ಲ ಅದಕ್ಕೆ ನೆಟ್ಟಗಿನ ಹೆಸರಿಡುತ್ತದೆ. ಮಾಮ ಬೇಗ ನೆನಪಾಗಲಿ ಎಂದು ನೆಂಟರ ಹೆಸರಿಟ್ಟಿದ್ದಾರೆ. ಗೋಡೆ ಎಂದರೆ ಅತ್ತೆ, ಒಮ್ಮೆ ಕೂತರೆ ಕದಲುವುದಿಲ್ಲ. ಬಾಗಿಲು ಅಳಿಯ, ಬರುತ್ತಾನೆ ಹೋಗುತ್ತಾನೆ. ಪೈಪು ಸೊಸೆ, ಮನೆ ತುಂಬ ಓಡಾಡಬೇಕು, ಕಣ್ಣಿಗೆ ಬೀಳಬಾರದು!

ಒಂದು ಮಧ್ಯಾಹ್ನ ನನ್ನ ಅತ್ತೆ ಗುಳಿಗೆ ಎಲ್ಲಿಟ್ಟಿದ್ದಿ ಎಂದು ಕೇಳಲು ಫೋನ್ ಮಾಡಿದರು. ಕೈ ಎತ್ತುವಂತಿಲ್ಲವಲ್ಲ, ಫೋನ್ ಸ್ಪೀಕರಿನಲ್ಲಿತ್ತು. ಅದೇ ಹೊತ್ತಿಗೆ ಮಾಮ ನನ್ನ ಪರದೆ ನೋಡಿ ಕೂಗಿದರು: "ಮದ್ಲ ಅತ್ತೀನ್ನ ಲಾಕ್ ಮಾಡಬೇ! ಇಲ್ಲಾಂದ್ರ ನಡುವ ಬಂದು ಎಲ್ಲಾ ಕೆಡಸ್ತಾಳ. ಆಮ್ಯಾಲ ಅಕಿನ್ನ ಆಫ್ ಮಾಡಿ ನೋಡು, ಮನಿ ಎಷ್ಟ್ ಚಂದ ಕಾಣ್ತೈತಿ!"

ಆ ಕಡೆಯಿಂದ ಅತ್ತೆ ಫೋನ್ ಇಟ್ಟುಬಿಟ್ಟರು. ಸಮಾಧಾನ ಮಾಡಲು ಮಾಮ ಪೇಡೆಯ ಪೊಟ್ಟಣ ಹಿಡಿದು ಲಿಂಗಸುಗೂರಿಗೇ ಬಂದರು. "ಬೀಗತ್ಯಾರ, ತಪ್ಪ ತಿಳೀಬ್ಯಾಡ್ರಿ. ನಮ್ಮ ಲೆಕ್ಕದಾಗ ಅತ್ತಿ ಅಂದ್ರ ಬರೇ ಗ್ವಾಡಿ" ಎಂದರು. ಉರಿಯುವ ಬೆಂಕಿಗೆ ಎಣ್ಣೆ ಇನ್ನು ಹೇಗೆ ಹೊಯ್ಯಬೇಕು ಹೇಳಿ! ಅಂದಿನಿಂದ ಅತ್ತೆ ದಿನಾ ಸಂಜೆ ಕೇಳತೊಡಗಿದರು: "ಏನಬೇ, ನನ್ನ ಆಫ್ ಮಾಡಿದ ಆ ನಕಾಶಿ ಎಲ್ಲೀ ಮಟ ಬಂತು?"

ಎಲ್ಲಿಯವರೆಗೂ ಬಂದಿರಲಿಲ್ಲ. ಯುಗಾದಿ ಬಂತು, ಹೋಯಿತು. ಗೌಂಡಿ ಬಂದು ಸೋಮವಾರ ನಕ್ಷೆ ಕೈಗೆ ಬಾರದಿದ್ದರೆ ಹಟ್ಟಿಯಲ್ಲಿ ಬೇರೆ ಕೆಲಸ ಹಿಡಿಯುತ್ತೇನೆ ಎಂದು ಹೇಳಿ ಹೋದ. ಗಂಡ ನನ್ನ ಮುಖ ನೋಡಿದ, ಹಗಲು ನಿದ್ದೆಗೆ ಹೋದ. ಬಾಡಿಗೆ ಮನೆಯ ಪಕ್ಕದಲ್ಲಿ ಹಿಟ್ಟಿನ ಗಿರಣಿ. ಅವನ ನಿದ್ದೆ ಎಂಥದ್ದು ಎಂದು ನನಗೆ ಗೊತ್ತು. ಆ ದಿನ ಬಸ್ಸಿನಲ್ಲಿ ನಿಂತು ಬರುವಾಗ ನನಗೆ ಮಾಮನ ಮೇಲೆ ನಿಜವಾಗಿಯೂ ಸಿಟ್ಟು ಬಂತು. ತಾಯಿ ತೀರಿಕೊಂಡ ಮೇಲೆ ನನಗೆ ತವರು ಅಂತ ಉಳಿದದ್ದೇ ಇವರು. ಊರವರಿಗೆಲ್ಲ ಆಗುತ್ತದೆ, ನನಗೆ ಮಾತ್ರ ಯಾಕೆ ಆಗುವುದಿಲ್ಲ?

ಮಾಮ ಸಿಂಧನೂರಿಗೆ ಸೈಟು ನೋಡಲು ಹೋಗಿದ್ದರು. ಆಗಲಿ, ನಾನೇ ಬರೆಯುತ್ತೇನೆ ಎಂದು ಕೂತೆ. ಅವರು ತಾಯಿ ನಕ್ಷೆ ಎಂದು ಕರೆಯುವ ಒಂದು ಮನೆ ಇದೆ, ನಮ್ಮ ಎಲ್ಲ ಮನೆಗಳೂ ಅದರ ಹೊಟ್ಟೆಯಲ್ಲೇ ಹುಟ್ಟಿದವು. ಅದನ್ನು ತೆಗೆದು ಕಾಪಿ ಹೊಡೆದೆ. ನಮ್ಮ ಸೈಟಿನ ಅಳತೆಗೆ ಎಳೆದೆ. ಗಂಡ ಹಗಲು ಮಲಗಲು ಬೀದಿಯ ಕಡೆ ಕಿಟಕಿಯಿಲ್ಲದ, ಕತ್ತಲಾಗುವ ಕೋಣೆ. ಅತ್ತೆಗೆ ದೇವರ ಮನೆ, ಅದಕ್ಕೆ ಹತ್ತಿಕೊಂಡೇ ಅವರ ಮಂಚ. ಮಕ್ಕಳಿಗೆ ಓದಲು ಜಾಗ. ಮುಂದೆ ಬೈಕು ನಿಲ್ಲಿಸಲು ಜಾಗ. ಮಾಮ ಕಲಿಸಿದ ಯಾವ ಶಾರ್ಟ್‌ಕಟ್ಟನ್ನೂ ಬಿಡಲಿಲ್ಲ. ಚಹಾ ಆರುವುದರೊಳಗೆ ಮನೆ ಮುಗಿಯಿತು! ಇಷ್ಟಕ್ಕೆ ದಸರೆಯಿಂದ ಕಾಯಿಸಿದರೇ ಈ ಪುಣ್ಯಾತ್ಮ?

ಮಾಮ ಬಿಸಿಲಲ್ಲಿ ಬೆವೆತು ಬಂದವರು ನನ್ನ ಹಿಂದೆ ನಿಂತು ಪರದೆ ನೋಡಿದರು. ನಾನು ತಿರುಗಿ ನೋಡಲಿಲ್ಲ.

"ಇದು ಯಾರ ಮನಿ?"

"ನಂದು. ನೀವು ಬರೀಲಿಲ್ಲ, ನಾನ ಬರ್ದೆ. ನೀವ ಕಲಿಸಿದಂಗ ಬರ್ದೀನಿ, ಕಾಪಿ ಹೊಡದು."

ಅವರು ಸ್ಟೂಲು ಎಳೆದುಕೊಂಡು ಕೂತರು. ನಕ್ಷೆಯ ಮೂಲೆ ಮೂಲೆಯನ್ನೂ ನೋಡಿದರು. ತಪ್ಪು ಹಿಡಿಯುತ್ತಾರೆ, ಶಾರ್ಟ್‌ಕಟ್ಟಿನ ಪಾಠ ಹೇಳುತ್ತಾರೆ ಎಂದು ನಾನು ಕಾದೆ.

"ಇದರಾಗ ನೀ ಎಲ್ಲಿ ಅದೀಯವ್ವಾ?"

"ಅಂದ್ರ?"

"ನಾನೂ ಹಿಂಗ ಬರ್ದೆ. ಕಾಪಿ ಹೊಡೀಲಿಲ್ಲ, ಖಾಲಿ ಹಾಳಿಯಿಂದ ಬರ್ದೆ. ನಿನ್ನ ಗಂಡಗ ಮಲಗಾಕ ಇಟ್ಟೆ, ಬೀಗತಿಗೆ ದೇವ್ರ ಮನಿ ಇಟ್ಟೆ, ಹುಡುಗರಿಗೆ ಇಟ್ಟೆ. ಎಲ್ಲಾ ಇಟ್ಟ ಮ್ಯಾಲ ನೋಡಿದ್ರ ನೀ ಅಡಿಗಿ ಮನ್ಯಾಗ ನಿಂತಿರ್ತಿ. ಅಳಿಸಿ ಮತ್ತ ಬರ್ದೆ. ಮತ್ತೂ ನಿಂತಿದ್ದಿ. ಎಷ್ಟ್ ಸಲ ಬರದ್ರೂ ನಿನಗ ಕುಂದ್ರಾಕ ಜಾಗಾ ಸಿಗವಲ್ದು." ಅವರು ಮುಖ ಒರೆಸಿಕೊಂಡರು. "ನಮ್ಮಕ್ಕ, ನಿಮ್ಮವ್ವ, ನಿಂತಾಕಿ ನಿಂತಂಗ ಹೋದ್ಲು. ಹಗಲಾಗ ಅಕಿ ಕುಂತದ್ದು ನಾ ಒಂದ್ ದಿನಾ ನೋಡ್ಲಿಲ್ಲ. ನಿನ್ನ ಮನೀನೂ ಹಂಗ ಹೆಂಗ ಬರೀಲಿ?"

ಪರದೆಯ ಮೇಲಿನ ಕೋಣೆಗಳನ್ನು ಒಂದೊಂದಾಗಿ ಮತ್ತೆ ನೋಡಿದೆ. ನನಗೂ ಆ ಮನೆಯಲ್ಲಿ ಜಾಗ ಬೇಕು ಎನ್ನುವುದು ನನಗೇ ಹೊಳೆದಿರಲಿಲ್ಲ.

"ಈಶಾನ್ಯದ ಕಡೆ, ಪಡಸಾಲಿ ಆಚೆ, ಒಂದ್ ಸಣ್ಣ ಕಟ್ಟಿ ಬರ್ತೈತಿ. ಬೆಳಕೂ ಐತಿ, ಗಾಳೀನೂ ಐತಿ" ಎಂದರು ಮಾಮ. "ಕಾಲು ಚಾಚಿ ಕುಂದ್ರಾಕ ಸಾಲ್ತೈತೋ ಇಲ್ಲೋ, ಅದ ತಿಳೀವಲ್ದು. ಏಳು. ಇಲ್ಲಿ ನೆಲದ ಮ್ಯಾಲ ಕುಂದ್ರು."

ಬೆಂಚಿನ ಮೇಲೆ ಒಬ್ಬ ಗಿರಾಕಿ ಬಂದು ಕೂತಿದ್ದ. ನಾನು ಸಂಕೋಚದಿಂದ ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತೆ.

"ಹಂಗಲ್ಲ. ಕಾಲು ಚಾಚು."

"ಮಾಮಾ, ಹಿರ್ಯಾರ ಮುಂದ ಹೆಂಗ್ರಿ..."

"ಚಾಚಂದ್ರ ಚಾಚು."

ಚಾಚಿದೆ. ಮಾಮ ಮೊಣಕಾಲೂರಿ, ನನ್ನ ಬೆನ್ನ ಹಿಂದಿನ ಗೋಡೆಗೆ ಟೇಪಿನ ತುದಿ ಹಿಡಿದು ಪಾದದವರೆಗೆ ಎಳೆದರು. ಕಟ್ಟೆಗೆ ಬೇಕಿದ್ದ ಅಳತೆ ಅಷ್ಟಕ್ಕೇ ಮುಗಿಯಿತು. ಅಂಕಿ ನನಗೂ ಕಂಡಿತು. ನಾನು ಏಳಲು ನೆಲಕ್ಕೆ ಕೈ ಊರಿದೆ.

"ಏಳಬ್ಯಾಡ. ಅಳತಿ ಇನ್ನಾ ಮುಗಿದಿಲ್ಲ."

ಟೇಪನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಎಳೆದರು. ಗೋಡೆಯಿಂದ ಬಾಗಿಲಿಗೆ ಅಳೆದರು, ಬಾಗಿಲಿಂದ ಗೋಡೆಗೆ ಅಳೆದರು. ಫ್ಯಾನನ್ನು ನನ್ನ ಕಡೆ ತಿರುಗಿಸಿ ಮತ್ತೆ ಅಳೆದರು. ಗಿರಾಕಿ ಗಡಿಯಾರ ನೋಡಿ, "ಸಾಹೇಬ್ರ, ಭಾಳ ಹೊತ್ತಾಕ್ಕತೇನ್ರಿ?" ಎಂದು ಕೇಳಿದ. ಮಾಮ ತಲೆ ಎತ್ತಲಿಲ್ಲ.

"ಹೊತ್ತಾಕ್ಕತ್ರಿ" ಎಂದರು.

ನಾನು ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದೆ.